ಬಚ್ಚಲ ಬಾಗಿಲಾಚೆಯ ಹರಟೆ

ನಮ್ಮೂರಲ್ಲಿ ಯಾರೇ ತಮ್ಮಷ್ಟಕ್ಕೆ ತಾವು ಮಾತಾಡಿಕೊಂಡರೂ, ಅವರ ಎದೆಯೊಳಗಿನ ದನಿ ಎಲ್ಲರಿಗೂ ಕೇಳುವಂತೆ ಉತ್ತರ ಕೊಡುತ್ತದೆ. ಅದರಲ್ಲಿ ವಿಶೇಷವೇನಿಲ್ಲ. ನನಗೆ ಹೊಟ್ಟೆ ಉರಿಯುವುದು ನನ್ನ ಗಂಡ ಚಂದ್ರಹಾಸರ ದನಿಯನ್ನು ಕಂಡರೆ. ನನ್ನೆದುರು ಊಟಕ್ಕೆ ಕೂತರೆ "ಹೂಂ", "ಸಾಕು" ಬಿಟ್ಟು ಮೂರನೆಯ ಮಾತಿಲ್ಲ. ಬಚ್ಚಲ ಕನ್ನಡಿಯ ಮುಂದೆ ಶೇವಿಂಗಿಗೆ ನಿಂತರೆ ಸಾಕು, ಅವರದೂ ಆ ದನಿಯದೂ ಮುಗಿಯದ ಹರಟೆ, ನಗು.

ಇವತ್ತು ಆ ದನಿ ಕೇಳಿತು: "ಆನೆ ನಿನ್ನ ಟೋಪಿ ಕಿತ್ಕೊಂಡಿದ್ದು ಇನ್ನೊಂದ್ಸಲ ಹೇಳೋ."

ಇನ್ನೊಂದು ಸಲವಂತೆ! ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೇನೆ, ಆನೆಯ ಸುದ್ದಿಯೇ ನನಗೆ ಗೊತ್ತಿಲ್ಲ.

ಸೌತೆಕಾಯಿ ಹೆಚ್ಚುತ್ತಾ ಗೊಣಗಿದೆ: "ನನ್ನ ಹತ್ರ ಒಂದಿನನಾದ್ರೂ ಹೀಗೆ ಮಾತಾಡಿದಾರಾ, ನೀನೇ ಹೇಳು?"

ನನ್ನ ಎದೆಯ ದನಿ ಉತ್ತರ ಕೊಟ್ಟಿತು: "ಸ್ವಲ್ಪ ಸುಮ್ನಿರೇ. ಆನೆ ಕಥೆ ಕೇಳಿಸ್ತಿಲ್ಲ."