ಬಟ್ಟೆ ಒಗೆಯುವ ಕಲ್ಲು

ಒದ್ದೆ ಕಲ್ಲಿನ ಮೇಲೆ ಬಾರ್ ಸೋಪು ಉಜ್ಜಿದ ವಾಸನೆ ಬಂದರೆ ಈಗಲೂ ನನಗೆ ಬಾಯಿ ಕಟ್ಟಿದಂತಾಗುತ್ತದೆ.

ನಾನಾಗ ಎರಡನೇ ಕ್ಲಾಸಿನ ಹುಡುಗಿ. ಕೆರೆಯ ಒತ್ತುವರಿ ಬಿಡಿಸಬೇಕೆಂದು ಆದೇಶವಾಗಿ, ಒಂದು ಮಧ್ಯಾಹ್ನ ಶಿಕಾರಿಪುರದಿಂದ ಸರ್ವೆಯವರು ನಮ್ಮೂರಿಗೆ ಬಂದಿದ್ದರು. ಕೆರೆಯಂಚಿನ ನಮ್ಮ ಮೆಕ್ಕೆಜೋಳದ ತೆನೆಗಳಲ್ಲಿ ಆಗಷ್ಟೇ ಹಾಲು ತುಂಬುತ್ತಿತ್ತು.

"ನಕ್ಷೆ ಪ್ರಕಾರ ಕೆರೆಯ ಗಡಿ ಕಲ್ಲು ನಿಮ್ಮ ಹೊಲದ ಆಚೆ ತುದೀಲಿ ಇರ್ಬೇಕು ಕಣ್ರೀ, ಅದರಿಂದ ಈಚೆಗಿರೋದೆಲ್ಲ ಕೆರೆ ಜಾಗ. ಕಲ್ಲಿನ ಮೇಲೆ ಪ್ಲಸ್ ಗುರುತು ಕೆತ್ತಿರ್ತಾರೆ," ಎಂದರು ಸರ್ವೆಯರ್.

"ನಮ್ಮಪ್ಪನ ಕಾಲದಿಂದ್ಲೂ ಇಲ್ಲಿ ಯಾವ ಕಲ್ಲೂ ಇಲ್ರೀ ಸಾಹೇಬ್ರ," ಎಂದ ಅಪ್ಪ.

ನನಗೆ ಖುಷಿಯಾಯಿತು. ಆ ಗುರುತಿನ ಗೀರುಗಳಲ್ಲಿ ಕೂತ ಬಿಳಿ ಸೋಪನ್ನು ನಾನು ದಿನಾ ಕಡ್ಡಿಯಿಂದ ಕೆರೆದು ತೆಗೆಯುತ್ತಿದ್ದೆ.

"ಅಪ್ಪಾ, ಅಜ್ಜ ತಂದು ಹಾಕಿದ ಒಗಿಯೋ ಕಲ್ಲಿನ ಮ್ಯಾಲೆ ಐತಲ್ಲ!" ಎಂದು ಕೂಗಿದೆ.

ಸರ್ವೆಯರ್ ನನ್ನ ತಲೆ ಸವರಿ "ಜಾಣೆ" ಎಂದರು. ಅಪ್ಪ ಜೋಳದ ಕಡೆ ನೋಡುತ್ತ ನಿಂತ.

ಇಬ್ಬರು ಆಳುಗಳು ನಮ್ಮ ಹಿತ್ತಲಿನಿಂದ ಕಲ್ಲನ್ನು ಎಬ್ಬಿಸಿ ಒಯ್ದು ಹೊಲದ ಆಚೆ ತುದಿಯಲ್ಲಿ ನೆಟ್ಟರು. ಅದರಡಿಯ ಮಣ್ಣು ಬಿಳಿಚಿಕೊಂಡು ತಣ್ಣಗಿತ್ತು. ಸಂಜೆಯೊಳಗೆ ಜೆಸಿಬಿ ಜೋಳವನ್ನೆಲ್ಲ ಮಗುಚಿ ಹಾಕಿತು. ಅವ್ವ ಹಿತ್ತಲಲ್ಲಿ ಕಲ್ಲು ಎಬ್ಬಿಸಿದ ಗುಂಡಿಯ ಪಕ್ಕ ಬರೀ ನೆಲದ ಮೇಲೆ ಅಪ್ಪನ ಅಂಗಿ ಒಗೆದಳು. ಒಗೆದಷ್ಟೂ ಕೆಸರು ಹತ್ತುತ್ತಿತ್ತು.

"ಅಕಿ ಸುಳ್ಳೇನು ಹೇಳ್ಲಿಲ್ಲ ಬಿಡು," ಎಂದ ಅಪ್ಪ, ಅವ್ವನಿಗೆ.

ಮುಂದಿನ ಮಳೆಗಾಲ ಕೆರೆ ಆ ಕಲ್ಲಿನವರೆಗೂ ತುಂಬಿತು. ಊರೆಲ್ಲ ನೋಡಲು ಹೋಯಿತು. ನನ್ನನ್ನು ಯಾರೂ, ಯಾವತ್ತೂ ಬೈಯಲಿಲ್ಲ. ನಾನು ಒಳಗೆ ಕಾಲಿಟ್ಟರೆ ಮಾತ್ರ, ಅಪ್ಪ ಅವ್ವ ಆಡುತ್ತಿದ್ದ ಮಾತು ಅಲ್ಲಿಗೇ ನಿಲ್ಲುತ್ತಿತ್ತು.