ಪರದೆಯ ಮೇಲಿನ ಕೆರೆ

ಪರದೆಯ ಮೇಲೆ ಗ್ರಾಫಿನ ಗೆರೆ ಏರುತ್ತ ಇಳಿಯುತ್ತ ಹರಿಯತೊಡಗಿತು. ಒಂದು ಕೆರೆಯ ನೀರಿನ ಮಟ್ಟವನ್ನು ಪ್ರೊಫೆಸರರು ಹತ್ತು ವರ್ಷ ಅಳೆದಿದ್ದರು. ಆ ಅಂಕಿಗಳಿಗೆ ಅವರ ವಿದ್ಯಾರ್ಥಿನಿ ಪ್ರೋಗ್ರಾಂ ಬರೆದು ಅನಿಮೇಷನ್ ಮಾಡಿದ್ದಳು. ಮಾತುಮಾತಿಗೂ ಪ್ರಶ್ನೆ ಕೇಳುವ ಅವಳನ್ನು ಕಂಡರೆ ಅವರಿಗಾಗದು. ಇವತ್ತು ಅವಳ ಡಾಕ್ಟರೇಟಿನ ಮೌಖಿಕ ಪರೀಕ್ಷೆ, ವೈವಾ. ಹೊರಗಿನ ಪರೀಕ್ಷಕರ ಎದುರೇ ಕೈಗೆ ಸಿಕ್ಕಿದ್ದಳು.

"ನಿಲ್ಸಮ್ಮ! ಈ ಏರಿಳಿತ ಆಗ್ಲೇ ಬಂತಲ್ಲ? ನಿನ್ನ ಸಿನಿಮಾ ಮತ್ತೆ ಮೊದಲಿಂದ ಓಡ್ತಿದೆ."

"ಇಲ್ಲ ಸರ್, ಮುಂದಕ್ಕೇ ಹೋಗ್ತಿದೆ."

"ನಂಗೇನು ಕಣ್ಣಿಲ್ವಾ? ಒಂದು ಚುಕ್ಕೀನೂ ಬದಲಾಗಿಲ್ಲ. ಆಗಿನದು, ಈಗಿನದು ಎರಡನ್ನೂ ಒಂದರ ಮೇಲೊಂದು ಇಟ್ಟು ತೋರ್ಸು. ನಿನ್ನ ಯೋಗ್ಯತೆ ಇವರೂ ನೋಡ್ಲಿ."

ಅವಳು ಹಾಗೇ ಇಟ್ಟಳು. ಕೆಂಪು ಗೆರೆಯ ಮೇಲೆ ನೀಲಿ ಗೆರೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತುಬಿಟ್ಟಿತು.

"ನೋಡಿದ್ರಾ?" ಪ್ರೊಫೆಸರರು ಗೆದ್ದ ಹುರುಪಿನಲ್ಲಿ ಪರೀಕ್ಷಕರತ್ತ ತಿರುಗಿದರು. "ನೆಟ್ಟಗೆ ಪ್ರೋಗ್ರಾಂ ಬರೆಯೋಕೆ ಬರಲ್ಲ, ಇವಳಿಗೆ ಡಾಕ್ಟರೇಟ್ ಬೇರೆ ಕೇಡು."

ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು ಅವಳನ್ನು ಕೇಳಿದರು, "ಯಾವುದಮ್ಮ ಈ ಎರಡು ಗೆರೆ?"

"ಕೆಂಪು, ನಮ್ಮ ಸರ್ ಅಳೆದ ಮೊದಲ ಐದು ವರ್ಷ. ನೀಲಿ, ಅಳೆದಿದ್ದೀನಿ ಅಂತ ಅವರು ಕೊಟ್ಟ ಕೊನೇ ಐದು ವರ್ಷ."