ಪ್ಯಾಕಿಂಗ್ ಬಂತು

ಮುದ್ದೇಬಿಹಾಳದ ಬಿಡಿಭಾಗಗಳ ಅಂಗಡಿಯವನು ಕಳಿಸಿದ್ದೆಂದು ಬಸ್ಸಿನ ಕಂಡಕ್ಟರ್ ಕೊಟ್ಟುಹೋದ ರಟ್ಟಿನ ಡಬ್ಬಿಯನ್ನು ಬಸಂತರಾಯ ನೂರು ಸಲ ಬೋರಲು ಹಾಕಿ ಬಡಿದ. ಒಳಗೆ ಮುದ್ದೇಬಿಹಾಳದ ಗಾಳಿಯ ಹೊರತು ಏನೂ ಇರಲಿಲ್ಲ. ಅಂಗಳದಲ್ಲಿ ಅವನ ಮುದಿ ಕಾರು ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು. ಆಯಿಲ್ ಪಂಪಿನ ಬಾಯಿಂದ ಎಣ್ಣೆ ಸೋರದಂತೆ ತಡೆಯುವ ಹಳೆಯ ರಟ್ಟಿನ ಪ್ಯಾಕಿಂಗ್ ಹಪ್ಪಳದಂತೆ ಪುಡಿಯಾಗಿ ಅವನ ಅಂಗೈಯಲ್ಲಿತ್ತು. ಒಳಕೋಣೆಯಲ್ಲಿ ಚೊಚ್ಚಲ ಹೆರಿಗೆಗೆ ಬಂದ ಮಗಳು ಭಾಗ್ಯಜ್ಯೋತಿ ಚೀರಿದಳೆಂದರೆ ಇಡೀ ನಾಲತವಾಡದ ಭಾಂಡೆ-ಪಾತ್ರೆಗಳು ನಡುಗುತ್ತಿದ್ದವು. ಮುದ್ದೇಬಿಹಾಳದ ಆಸ್ಪತ್ರೆಯ ಕಡೆ ಸಂಜೆಯವರೆಗೆ ಬಸ್ಸಿರಲಿಲ್ಲ.

"ಮುಂಜಾನೆ ಫೋನಿನ್ಯಾಗ ಅಂಗಡಿಯಾವಗ ಏನ್ ಹೇಳಿದ್ರಿ?" ಹೆಂಡತಿ ರುಕ್ಮವ್ವ ಬಾಗಿಲಿಗೆ ಬಂದಳು.

"ಆಯಿಲ್ ಪಂಪಿನ ಪ್ಯಾಕಿಂಗ್ ಕಳಸಪಾ ಅಂದೆ. ಆ ಹುಚ್ಚಪ್ಯಾಲಿ ಪಂಪ್ ಪ್ಯಾಕ್ ಮಾಡೂ ಡಬ್ಬಿ ಕಳಿಸ್ಯಾನ!"

"ವಿಮಾನ ಸೈತ ಮನ್ಯಾಗ ಬಿಚ್ಚಿ ಜೋಡಸ್ತೇನಿ ಅಂತಿದ್ರಿ. ಈಗ ಮಗಳನ್ನ ಆ ಡಬ್ಬಿಯೊಳಗ ಕುಂದ್ರಿಸಿ ಒಯ್ಯರಿ!"

ಒಳಗಿನಿಂದ ಮತ್ತೊಂದು ಚೀರಾಟ ಬಂತು. ಒಳಗೆ ಓಡಹೋದ ಬಸಂತರಾಯ ಪಾನಾಕ್ಕೆ ಎಡವಿ ದೊಪ್ಪನೆ ಬಿದ್ದ. ಗೋಳಗುಮ್ಮಟ ಬಿದ್ದರೂ ಅಷ್ಟು ಸದ್ದಾಗಲಾರದು. ಬೀಳುವಾಗ ಕೈಯಲ್ಲಿದ್ದ ಡಬ್ಬಿ, ಬಿಚ್ಚಿಟ್ಟ ಪಂಪಿನ ಮೇಲೆ ಒತ್ತಿ ಚಪ್ಪಟೆಯಾಯಿತು. ಬೈಯುತ್ತಲೇ ಅದನ್ನು ಎತ್ತಿ ಒಗೆಯಹೋದವನು ಹಾಗೇ ನಿಂತ. ರಟ್ಟಿನ ಮೇಲೆ ಪಂಪಿನ ಬಾಯಿ, ಸುತ್ತಲಿನ ಬೋಲ್ಟಿನ ತೂತುಗಳು, ಎಲ್ಲವೂ ಕರಿ ಎಣ್ಣೆಯಲ್ಲಿ ರಂಗೋಲಿ ಬರೆದಂತೆ ಮೂಡಿದ್ದವು.

ಅವನ ಕಣ್ಣುಗಳು ಕಾರಿನ ಹೆಡ್‌ಲೈಟಿಗಿಂತ ಅಗಲವಾದವು.

"ರುಕ್ಮವ್ವಾ, ಕತ್ತರಿ ತಾ! ಅಂವಾ ಪ್ಯಾಕಿಂಗೇ ಕಳಿಸ್ಯಾನ!"